ಹಿಂಬೀದಿಯ ಗೋಮುಖ

ವಳ್ಳಿ ಕೈ ಒಡ್ಡಲಿಲ್ಲ.

ಗೋಮತಿ ಎಡಗೈಯಲ್ಲಿ ಹಿತ್ತಾಳೆ ಚೊಂಬು, ಬಲಗೈಯಲ್ಲಿ ತೀರ್ಥ ತುಂಬಿದ ಉದ್ಧರಣೆ ಹಿಡಿದು ಹಿಂಬೀದಿಯ ಬಿಸಿಲಲ್ಲಿ ನಿಂತೇ ಇದ್ದಳು. ಬೆಳಗಿನ ಎಂಟೂವರೆ. ಸ್ನಾನ ಮಾಡಿದ ಕೂದಲು ಇನ್ನೂ ಆರಿರಲಿಲ್ಲ. ರವಿಕೆಯ ಬೆನ್ನು ಒದ್ದೆಯಾಗಿತ್ತು. ಗಾರೆ ಕೆಲಸದ ಕರುಪ್ಪಯ್ಯ ಆಗಲೇ ಪ್ಯಾಂಟು ಬಿಚ್ಚಿಟ್ಟು ಲುಂಗಿ ಸುತ್ತಿಕೊಂಡು ಸಿಮೆಂಟು ಚೀಲದ ಬಾಯಿ ಹರಿಯುತ್ತಿದ್ದ. ಅವನ ತಾಯಿ ವಳ್ಳಿ ಈ ಗೋಡೆ ಕೆಲಸಕ್ಕೆ ಬಂದದ್ದು ಅವತ್ತೇ ಮೊದಲು. ಅಲ್ಲಿಯವರೆಗೆ ನಿಲಕ್ಕೋಟ್ಟೈಯ ಮಗಳ ಮನೆಯಲ್ಲಿದ್ದು ಮಲ್ಲಿಗೆ ಬಿಡಿಸಿಕೊಟ್ಟು, ಹಿಂದಿನ ಸಂಜೆಯ ಬಸ್ಸಿಗೆ ತನ್ನೂರು ಕಾಮಯಗೌಂಡನ್‌ಪಟ್ಟಿಗೆ ಮರಳಿದ್ದಳು. ಅರವತ್ತೈದು ದಾಟಿದ್ದರೂ ಮಗನ ಜೊತೆ ಮರಳು ಜರಡಿ ಹಿಡಿಯುವುದನ್ನು ಅವಳು ಬಿಟ್ಟಿರಲಿಲ್ಲ.

"ಹಿಡಿ ವಳ್ಳಿ. ಸಾಮಿ ತೀರ್ತ. ದೇವ್ರ ತಾವ ನೀ ಬ್ಯಾರೆ, ನಾ ಬ್ಯಾರೆ ಅಂತ ಉಂಟಾ?"

ಹಾಗೆ ಹೇಳುವಾಗ ಗೋಮತಿಗೆ ತನ್ನ ಮನಸ್ಸಿನ ಬಗ್ಗೆ ತನಗೇ ಸಣ್ಣದೊಂದು ಸಂತೋಷವಾಗಿತ್ತು. ಅತ್ತೆಯ ಕಾಲದಲ್ಲಿ ಯಾರು ಹೀಗೆ ಕರೆದು ಕೊಡುತ್ತಿದ್ದರು?

ವಳ್ಳಿ ಗೋಡೆಯನ್ನು ನೋಡಿದಳು. ನಿಂತವರ ತೊಡೆಯ ಮಟ್ಟದಲ್ಲಿ ಒಂದು ಕಲ್ಲಿನ ದೋಣಿ ಗೇಣುದ್ದ ಹೊರಗೆ ಚಾಚಿಕೊಂಡಿತ್ತು. ಅದಕ್ಕೆ ದಟ್ಟವಾಗಿ ಅರಿಶಿನ ಬಳಿದಿತ್ತು. ಮೇಲಿನ ಎರಡು ಗುಬುಟಿಗೆ ಕುಂಕುಮ, ಸುತ್ತ ಮಲ್ಲಿಗೆ ದಂಡೆ. ಕೆಳಗೆ ನೆಲದಲ್ಲಿ ಹೂತ ಚಪ್ಪಡಿಯ ಮೇಲೆ ಅಕ್ಕಪಕ್ಕ ಎರಡು ಗುಳಿ. ಎರಡರ ತುಂಬಾ ಸೇವಂತಿಗೆ.

"ಇದಕ್ಕೆ ಅರಿಶಿನ ಬಳಿದೋರು ಯಾರು?"

"ನಾನೇ. ಯಾಕೆ?"

"ತೊಳಿ."

ಅಮ್ಮಾ ಎನ್ನಲಿಲ್ಲ, ತಾಯಿ ಎನ್ನಲಿಲ್ಲ. ಇಪ್ಪತ್ತೆಂಟು ವರ್ಷದಿಂದ ಈ ಮನೆಯ ಸೊಸೆಯಾಗಿರುವ ಗೋಮತಿಯನ್ನು ವಳ್ಳಿ ಅಷ್ಟು ಬೋಳಾಗಿ ಮಾತಾಡಿಸಿದ್ದು ಅದೇ ಮೊದಲು.

ಆ ಕಲ್ಲು ಗೋಡೆಯಿಂದ ಹೊರಬಿದ್ದು ಒಂಬತ್ತು ದಿನವಾಗಿತ್ತು. ಹಿಂಗೋಡೆ ಮಳೆನೀರು ಕುಡಿದು ಹೊಪ್ಪಳೆ ಏಳುತ್ತಿತ್ತು. ದ್ರಾಕ್ಷಿ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ, ಹಳೆಯ ಸಿಮೆಂಟು ಗಾರೆ ಕೆತ್ತಿಸಿ ಹೊಸದಾಗಿ ಬಳಿಸೋಣವೆಂದು ಗೋಮತಿಯ ಗಂಡ ಲಕ್ಷ್ಮಣನ್ ಕೆಲಸ ಹಿಡಿಸಿದ್ದ. ಕರುಪ್ಪಯ್ಯನ ಉಳಿ ಒಂದು ಕಡೆ ಟೊಳ್ಳು ಸದ್ದು ಮಾಡಿತು. ಗಾರೆ ಉದುರಿದಾಗ ಒಳಗೆ ಕಲ್ಲಿರಲಿಲ್ಲ, ಇಟ್ಟಿಗೆ ಚೂರು ತುರುಕಿತ್ತು. ಚೂರು ತೆಗೆದಂತೆ ದೋಣಿಕಲ್ಲು ಕಂಡಿತು. ಅದರ ತೂತು ಗೋಡೆಯೊಳಗೆ ಓರೆಯಾಗಿ ಮೇಲೇರಿ, ಒಳಗಿನ ಒರಳುಕೋಣೆಯಲ್ಲಿ ಎದೆಮಟ್ಟಕ್ಕೆ ಹೋಗಿ ಮುಟ್ಟಿತ್ತು. ಅಲ್ಲಿ ಇಷ್ಟು ವರ್ಷ ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಕಟ್ಟೆಯನ್ನು ಕೆದಕಿದರೆ, ಅದು ಮಣ್ಣು ತುಂಬಿ ಮುಚ್ಚಿದ ಕಲ್ಲಿನ ಬೋಗುಣಿ.

"ಕೊಂಬು ನೋಡು! ಮೂತಿ ನೋಡು!" ಎಂದು ಲಕ್ಷ್ಮಣನ್ ಕೂಗಿದ್ದ. "ಗೋಮುಖ ಇದು!"

ಕಲ್ಲು ಎತ್ತುವಾಗ ಹಗ್ಗ ಜಾರದಿರಲೆಂದು ಕಲ್ಲುಕುಟಿಗರು ಬಿಡುವ ಗುಬುಟಿ ಅವೆಂದು ಕರುಪ್ಪಯ್ಯನಿಗೆ ತೋಚಿತ್ತು. ಆದರೆ ಮನೆಯವರು ಕೈಮುಗಿದು ನಿಂತಿರುವಾಗ ಅವನು ಬಾಯಿ ಹಾಕಲಿಲ್ಲ. ಅವರು ದನವನ್ನು ದೇವರೆಂದು ಸಾಕುವ ಜನ. ಯಾವ ಕಾಲದಲ್ಲೋ ಕನ್ನಡ ನಾಡಿನಿಂದ ದನ ಹೊಡೆದುಕೊಂಡು ತಮಿಳು ಸೀಮೆಯ ಈ ಕಣಿವೆಗೆ ಇಳಿದವರು. ಮನೆಯಲ್ಲಿ ಒಳ್ಳೆಯ ಲಕ್ಷಣದ ಕರು ಹುಟ್ಟಿದರೆ ಈಗಲೂ ಕಂಬಂನಲ್ಲಿರುವ ಕುಲದ ತೊಳುವಿಗೆ, ದೇವರ ದನಗಳ ಕೊಟ್ಟಿಗೆಗೆ ಒಪ್ಪಿಸಿ ಬರುತ್ತಾರೆ. ಅಂಥವರ ಕಣ್ಣಿಗೆ ಎರಡು ಗುಬುಟಿಯ ಕಲ್ಲು ಹಸುವಿನ ಮುಖವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮೂರನೆಯ ದಿನ ಗೋಡೆಯ ಬುಡದ ಮಣ್ಣು ತೆಗೆದಾಗ ಗುಳಿಬಿದ್ದ ಚಪ್ಪಡಿಯೂ ಸಿಕ್ಕಿತು. ದುಂಡಗಿನ, ನಯವಾದ ಎರಡು ಗುಳಿ.

"ಪಾದ!" ಎಂದಳು ಗೋಮತಿ. ಅವಳ ಕಣ್ಣು ತುಂಬಿ ಬಂದಿತ್ತು. "ದನ ಕಾಯೋ ಸಾಮಿ ಇಲ್ಲಿ ನಿಂತಿದ್ದಾನೆ."

ಮಗಳು ಅಭಿರಾಮಿ ಅದನ್ನೆಲ್ಲ ಫೋನಿನಲ್ಲಿ ಹಿಡಿದು ಕುಲದವರ ಗುಂಪಿಗೆ ಕಳಿಸಿದಳು. ಅವತ್ತಿನಿಂದ ಹೆಂಗಸರು ಚೊಂಬು ಹಿಡಿದು ಬರತೊಡಗಿದರು. ಒಳಗಿನ ಬೋಗುಣಿಗೆ ನೀರು ಹೊಯ್ದು, ಹೊರಗೆ ಬಗ್ಗಿ ಹಿಡಿದುಕೊಂಡು ಹೋದರು. "ನಿಂತು ಹಿಡಿಯಾಕೆ ಆಗಲ್ಲ, ಬಗ್ಗಲೇಬೇಕು. ಹಿರೀರು ಎಷ್ಟು ಯೋಚನೆ ಮಾಡಿ ಕೆಳಗಿಟ್ಟಿದ್ದಾರೆ ಪಾರುಂಗ, ನೋಡಿ" ಎಂದು ಲಕ್ಷ್ಮಣನ್ ಬಂದವರಿಗೆಲ್ಲ ವಿವರಿಸುತ್ತಿದ್ದ. ಬರುವ ವೆಳ್ಳಿಕ್ಕಿಳಮೆ, ಶುಕ್ರವಾರ, ಕುಲದ ಹಿರಿಯರನ್ನು ಕರೆಸಿ ಹಾಲಭಿಷೇಕ ಮಾಡಿ, ಅದನ್ನು ಕುಲಕ್ಕೆಲ್ಲ ಸೇರಿದ ದೇವಸ್ಥಾನವೆಂದು ಸಾರುವುದಾಗಿ ನಿಶ್ಚಯವಾಗಿತ್ತು.

ವಳ್ಳಿ ಸೊಂಟದ ಮರಳುಬುಟ್ಟಿಯನ್ನು ಕೆಳಗಿಟ್ಟಳು.

"ಪಾದ ಅಂತೆ. ಬೆರಳೆಲ್ಲಿ? ಹಿಮ್ಮಡಿ ಎಲ್ಲಿ? ಯಾವ ಸಾಮಿಗಮ್ಮಾ ದೋಸೆಕಲ್ಲಿನಂಗೆ ದುಂಡನೇ ಪಾದ?"

ಅವಳು ಆ ಮನೆಯವರ ದ್ರಾಕ್ಷಿ ಚಪ್ಪರದಡಿಯಲ್ಲೇ ನಲವತ್ತು ವರ್ಷ ದುಡಿದವಳು; ತನ್ನ ತಮಿಳಿನಷ್ಟೇ ಸಲೀಸಾಗಿ ಅವರ ಮನೆಮಾತು ಆಡುತ್ತಿದ್ದಳು. ಸೀರೆಯ ಅಂಚನ್ನು ಮೇಲೆತ್ತಿ ಮಂಡಿ ತೋರಿಸಿದಳು. ಕಪ್ಪಗೆ, ಗಟ್ಟಿಯಾಗಿ, ಕಾಯಿ ಕಟ್ಟಿದ ಮಂಡಿ.

"ಇದು. ಇದು ಉಜ್ಜಿ ಉಜ್ಜಿ ಬಿದ್ದ ಗುಳಿ. ನಂದು, ನಮ್ಮವ್ವಂದು, ನಮ್ಮವ್ವನ ಅವ್ವಂದು."

ಗೋಮತಿಗೆ ಅರ್ಥವಾಗಲಿಲ್ಲ. ಮಂಡಿಯಿಂದ ಗುಳಿಗೆ, ಗುಳಿಯಿಂದ ಮಂಡಿಗೆ ನೋಡಿದಳು.

"ದ್ರಾಕ್ಷಿ ತ್ವಾಟ ಬರಾಕೆ ಮುಂಚೆ ಅಲ್ಲೆಲ್ಲ ಜೋಳ, ನೆಲಗಡಲೆ. ಕಳೆ ಕಿತ್ತು ಮದ್ಯಾನಕ್ಕೆ ಬಂದ್ರೆ ನಾವು ಮುಂಬಾಕ್ಲಿಗೆ ಬರಕೂಡದು. ಇಲ್ಲಿ ಬಂದು ಮಂಡಿ ಹಾಕಬೇಕು. ಕಲ್ಲು ತಟ್ಟಬೇಕು. ಒಳಗಿಂದ ಹುಯ್ಯೋರು. ಹುಯ್ಯೋರು ಯಾರಂತ ನಮಗೆ ಕಾಣದು, ಕುಡಿಯೋರು ಯಾರಂತ ಅವರಿಗೆ ಕಾಣದು. ಕೆಮ್ಮು ಕೇಳಿದ್ರೆ ನೀರು ಸಾಕಾಯ್ತು ಅಂತ ಲೆಕ್ಕ. ನಿಲ್ಸಿಬಿಡೋರು." ವಳ್ಳಿಯ ಮಾತು ಏರಲಿಲ್ಲ, ಒಂದೇ ಸಮ ಹೋಗುತ್ತಿತ್ತು. "ಮೊದಲ್ನೇ ದಿನ ನಂಗೆ ಎಂಟು ವಯಸ್ಸು. ಕುಡಿಯೋ ರೀತಿ ತಿಳೀದು. ಮೊದಲ್ನೇ ಗುಟುಕೇ ನೆತ್ತಿಗತ್ತಿ ಕೆಮ್ಮಿಬಿಟ್ಟೆ. ನಿಂತೋಯ್ತು ನೀರು. ಇನ್ನೂ ಬೇಕು ಅಂತ ಆ ತೂತಿಗೆ ಬಾಯಿಟ್ಟು ಕೂಗಿದೆ. ಕಲ್ಲು ಎಂಜಲಾಯ್ತು ಅಂತ ನಮ್ಮವ್ವನ ಕೈಲಿ ಸಗಣಿ ಹಾಕಿ ತೊಳ್ಸಿದ್ರು. ಅವತ್ತು ಆಳಿಗೆಲ್ಲ ನೀರಿಲ್ಲ. ಆ ಕಲ್ಲಿಗೆ ಇವತ್ತು ಅರಿಶಿನ. ಅದರ ನೀರು ನಂಗೆ ತೀರ್ತ. ಚೆನ್ನಾಗಿದೆ."

ಕರುಪ್ಪಯ್ಯ ಕೈಯಲ್ಲಿದ್ದ ಕರಣೆಯನ್ನು ಬಾಣಲೆಗೆ ಹಾಕಿದ. "ನೀ ಒಂದು ದಿನಾನೂ ಹೇಳ್ಲಿಲ್ವಲ್ಲಮ್ಮಾ."

"ಹೇಳಿದ್ರೆ ಈ ಮನೆ ಕೆಲಸಕ್ಕೆ ಬರ್ತಿದ್ಯಾ?"

"ಬರ್ತಿರ್ಲಿಲ್ಲ."

"ಅದುಕ್ಕೇ ಹೇಳ್ಲಿಲ್ಲ. ಜರಡಿ ಎಲ್ಲಿ?"

ಉದ್ಧರಣೆಯಲ್ಲಿದ್ದ ತೀರ್ಥ ಗೋಮತಿಯ ಬೆರಳ ಸಂದಿಯಲ್ಲಿ ಇಳಿದು ಹೋಗಿತ್ತು. ಚೊಂಬಿನಲ್ಲಿ ಉಳಿದದ್ದನ್ನು ಏನು ಮಾಡಬೇಕೆಂದು ಅವಳಿಗೆ ತೋಚಲಿಲ್ಲ. ತೀರ್ಥವನ್ನು ತುಳಿಯುವ ಜಾಗಕ್ಕೆ ಚೆಲ್ಲಬಾರದು. ಇದು ತೀರ್ಥವೇ? ಅಲ್ಲವಾದರೆ ಒಂಬತ್ತು ಬೆಳಗು ತಾನು ಕಣ್ಣುಮುಚ್ಚಿ ಕುಡಿದದ್ದು ಏನನ್ನು? ಅವಳು ಚೊಂಬನ್ನು ಹಾಗೇ ಎತ್ತಿಕೊಂಡು, ಮನೆಯನ್ನು ಬಳಸಿ ಮುಂಬಾಗಿಲಿನಿಂದ ಒಳಗೆ ಹೋದಳು.

ಒರಳುಕೋಣೆಯಲ್ಲಿ ಅತ್ತೆ ಕಾಳಿಯಮ್ಮಾಳ್ ಕಾಲು ಚಾಚಿ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದಳು. ಎಂಬತ್ತರ ಮುದುಕಿ. ಕಿವಿ ಚುರುಕು. ಗೋಡೆಯ ತೂತಿನಿಂದ ಹಿಂಬೀದಿಯ ಮಾತೆಲ್ಲ ಅವಳಿಗೆ ಕೇಳಿತ್ತು.

"ಅತ್ತೆ, ವಳ್ಳಿ ಹೇಳಿದ್ದು ನಿಜವಾ?"

"ಆಮಾ, ನಿಜ."

"ಯಾರು ಹುಯ್ತಿದ್ದೋರು?"

"ಸೊಸೇರು. ನಾ ಬಂದ ಮ್ಯಾಕೆ ನಾನು." ಕಾಳಿಯಮ್ಮಾಳ್ ಬಟ್ಟಲಿಗೆ ಈರುಳ್ಳಿ ಹಾಕಿದಳು. "ಅದು ಅಷ್ಟು ಸುಲಬ ಅಲ್ಲ ಕಣಮ್ಮಾ. ಜೋರಾಗಿ ಹುಯ್ದ್ರೆ ಮೂಗಿಗೋಗುತ್ತೆ. ಸಣ್ಣಗೆ, ನೂಲಿನಂಗೆ ಬಿಡಬೇಕು. ನಾ ಚೆನ್ನಾಗಿ ಹುಯ್ತಿದ್ದೆ. ಬಿಸಿಲು ಕಾಲಕ್ಕೆ ಮಜ್ಜಿಗೇನೂ ಹುಯ್ದಿದ್ದೀನಿ. ಬೀದಿಗೆ ಕೊಳಾಯಿ ಬಂದ ವರ್ಸ ಯಾರೋ ಮೇಲಕ್ಕೆ ದೂರು ಬರ್ದವ್ರೆ ಅಂತ ಮಾತು ಬಂತು. ನಿಮ್ಮಾವ ಒಂದೇ ದಿನದಲ್ಲಿ ಇಟ್ಟಿಗೆ ತುಂಬ್ಸಿ ಮುಚ್ಚಿಸ್ಬಿಟ್ರು."

"ಒಂಬತ್ತು ದಿನ ನಾ ಬಗ್ಗಿ ಬಗ್ಗಿ ಕೈ ಮುಗಿದೆ. ನೀವು ನೋಡ್ತಾ ಕೂತಿದ್ರಿ. ಬಾಯಿ ಬಿಡಲಿಲ್ಲ."

"ನೀ ಕೇಳಿದ್ಯಾ? ಕೇಳಿದ್ದು ಲಕ್ಷ್ಮಣನ್. ಮೂರ್ನೇ ದಿನ, ಆ ಚಪ್ಪಡಿ ಎದ್ದಾಗ. ಅವನಿಗೆ ಹೇಳಿದೆ." ಮುದುಕಿ ಕಣ್ಣೊರೆಸಿಕೊಂಡಳು, ಅದು ಈರುಳ್ಳಿಯ ನೀರು. "ಮುಂಚೆ ಏನಾಗಿತ್ತೋ ಅದಕ್ಕಿಂತ ಸಾಮಿ ಆಗಾದು ವಾಸಿ ತಾನೇ? ಸುಮ್ಮಾ ಬಿಡು."

ಗೋಮತಿ ಚೊಂಬನ್ನು ನೆಲಕ್ಕಿಟ್ಟಳು. ಸಿಟ್ಟು ಬಂದಾಗ ಕೂಗುವ ಹೆಂಗಸಲ್ಲ ಅವಳು. ಬೆಳಗ್ಗೆ ಎದ್ದು ರಂಗೋಲಿ ಬಿಟ್ಟು, ದೀಪ ಹಚ್ಚಿ, ಆಮೇಲೆಯೇ ಬಾಯಿಗೆ ಕಾಫಿ ಇಡುವವಳು. ದೇವರ ಮುಂದೆ ನಿಂತಾಗ ಮನಸ್ಸಿನಲ್ಲಿ ಮುಳ್ಳಿರಬಾರದೆಂದು ಎಷ್ಟೋ ಮಾತನ್ನು ನುಂಗಿದವಳು. ಆದರೆ ಇದನ್ನು ಯಾವ ಗಂಟಲಿನಲ್ಲಿ ನುಂಗುವುದು? ಬಾಯಾರಿದ ಒಂದು ಮಗುವಿಗೆ ನೀರು ನಿಲ್ಲಿಸಿದ ಜಾಗಕ್ಕೆ ಇವರು ತನ್ನ ಕೈಯಿಂದ ಹೂ ಮುಡಿಸಿದ್ದರು. ಅದಕ್ಕಿಂತ ಹೆಚ್ಚಾಗಿ, ಇವತ್ತು ಬೆಳಗ್ಗೆ ತಾನು, ದೇವರ ಮುಂದೆ ಎಲ್ಲರೂ ಒಂದೇ ಎಂದು ಹಲ್ಲು ಬಿಟ್ಟು, ಅದೇ ನೀರನ್ನು ಅದೇ ವಳ್ಳಿಗೆ ದಾನ ಮಾಡಲು ಹೊರಟಿದ್ದಳು. ಆ ನೆನಪಿಗೆ ಅವಳ ಕಿವಿಯ ತುದಿ ಸುಟ್ಟಿತು.

ಮಧ್ಯಾಹ್ನ ಲಕ್ಷ್ಮಣನ್ ಊಟಕ್ಕೆ ಬಂದ. ಎಲೆಯ ಮುಂದೆ ಕೂರುವ ತನಕ ಅವಳು ಕಾದಳು.

"ನಿಮಗೆ ಗೊತ್ತಿತ್ತು."

ಅವನು ಅನ್ನ ಕಲಸುತ್ತಲೇ ಹೇಳಿದ. "ಹಳೇ ಕತೆ. ಅವ್ವಂಗೂ ವಯಸ್ಸಾಯ್ತು, ಸರಿಯಾಗಿ ನೆನಪಿರಾದಿಲ್ಲ."

"ವಳ್ಳಿಗೆ ನೆನಪಿದೆ."

"ಅವಳನ್ನ ವೆಳ್ಳಿಕ್ಕಿಳಮೆ ಒಂದಿನ ಬರಬೇಡ ಅಂತ ಹೇಳು. ಒಂದು ಒಳ್ಳೆ ಸೀರೆ ತೆಗೆದು ಕೊಡು. ಸಮಾದಾನ ಆಯ್ತಾಳೆ."

"ಏನುಂಗ, ಎಲ್ಲಾ ಗೊತ್ತಿದ್ದೂ ನನ್ನ ಕೈಲಿ ಅಲ್ಲಿ ದೀಪ ಹಚ್ಚಿಸಿದ್ರಿ?"

ಅವನು ತಲೆಯೆತ್ತಿದ. ಕೆಟ್ಟ ಮನುಷ್ಯನ ಮುಖವಲ್ಲ ಅದು. ಊರೆದುರು ಒಂದು ಒಳ್ಳೆಯ ಹೆಸರು ಬರಲೆಂದು ಕಾದು ಕೂತವನ ಮುಖ. "ನೀ ಹಚ್ಚಿದ್ದು ಬಕ್ತಿಯಿಂದ ತಾನೇ? ಬಕ್ತಿ ಯಾವತ್ತಾದ್ರೂ ಸುಳ್ಳಾಗುತ್ತಾ? ಕಲ್ಲಿಗೇನು ಗೊತ್ತು? ಕೈ ಮುಗಿದ್ರೆ ಸಾಮಿ. ಹನ್ನೊಂದು ಮನೆ ಹಿರೀರು, ಪೆರಿಯೋರು ಬರ್ತಾರೆ. ಈಗ ಇಲ್ಲ ಅಂದ್ರೆ ನನ್ನ ಮುಖ ಎಲ್ಲಿಡಲಿ?"

ಗೋಮತಿ ಸಾರು ಬಡಿಸಿದಳು. ಅವಳು ಸೀರೆಯನ್ನೂ ತೆಗೆಯಲಿಲ್ಲ, ವಳ್ಳಿಗೆ ಬರಬೇಡವೆಂದೂ ಹೇಳಲಿಲ್ಲ. ಎರಡು ದಿನ ಹಿಂಬೀದಿಗೆ ಹೋಗಲಿಲ್ಲ; ಅರಿಶಿನ ಕುಂಕುಮದ ಕೆಲಸವನ್ನು ಲಕ್ಷ್ಮಣನ್ ತಾನೇ ನೋಡಿಕೊಂಡ.

ಶುಕ್ರವಾರ ಹಿಂಬೀದಿಗೆ ಶಾಮಿಯಾನ ಬಿತ್ತು. ಬಿಳಿ ಪಂಚೆಯ ಹಿರಿಯರು ತೆಂಗಿನಕಾಯಿ, ಬಾಳೆಹಣ್ಣಿನ ತಟ್ಟೆ ಹಿಡಿದು ಬಂದು ಚಪ್ಪಲಿಯನ್ನು ದೂರ ಬಿಟ್ಟು ನಿಂತರು. ಎಲ್ಲರಿಗಿಂತ ಮುಂದೆ ಓಡೈಪಟ್ಟಿಯ ದುರೈ, ಲಕ್ಷ್ಮಣನ ದೊಡ್ಡಪ್ಪ, ಕುಲದ ಪಂಚಾಯಿತಿಯಲ್ಲಿ ಕಡೆಯ ಮಾತು ಆಡುವವರು. ವಳ್ಳಿ ಎಂದಿನಂತೆ ಬಂದಳು. ಕೆಲಸವಿಲ್ಲವೆಂದು ಕಂಡ ಮೇಲೂ ಹೋಗಲಿಲ್ಲ; ಮರಳಿನ ಗುಡ್ಡೆಯ ಮೇಲೆ ಕೂತು ಎಲೆಯಡಿಕೆಯ ಚೀಲ ಬಿಚ್ಚಿದಳು. ಪಕ್ಕದಲ್ಲಿ ಕರುಪ್ಪಯ್ಯ ಕೈಕಟ್ಟಿ ನಿಂತ.

ಒಳಗಿನಿಂದ ಲಕ್ಷ್ಮಣನ್ ಬೋಗುಣಿಗೆ ಹಾಲು ಹೊಯ್ಯಬೇಕು. ಹೊರಗೆ ಗೋಮತಿ ಮೊದಲ ಧಾರೆಯನ್ನು ಚೊಂಬಿಗೆ ಹಿಡಿಯಬೇಕು. ಆಗ ಪೂಸಾರಿ ಗಂಟೆ ಬಾರಿಸಬೇಕು. ಗೋಮತಿ ರೇಷ್ಮೆ ಸೀರೆಯುಟ್ಟು ಮುಂದೆ ಬಂದಳು. ಚೊಂಬನ್ನು ಪಕ್ಕಕ್ಕಿಟ್ಟಳು. ಚಪ್ಪಡಿಯ ಗುಳಿಗಳಲ್ಲಿದ್ದ ಹೂವನ್ನು ಎರಡೂ ಕೈಯಿಂದ ಬಾಚಿ ತೆಗೆದಳು. ಆಮೇಲೆ ಮಂಡಿಯೂರಿದಳು.

ಮಂಡಿಗಳು ಗುಳಿಯಲ್ಲಿ ಸರಿಯಾಗಿ ಕೂತವು. ಕಲ್ಲು ತಣ್ಣಗಿತ್ತು. ಅಲ್ಲಿಂದ ಕಾಣುತ್ತಿದ್ದುದು ಗೋಡೆ, ತೂತಿನ ಕತ್ತಲೆ, ಓರೆಗಣ್ಣಿಗೆ ಜನರ ಕಾಲುಗಳು, ಅಷ್ಟೇ. ಮುಖ ಯಾರದ್ದೂ ಕಾಣುವುದಿಲ್ಲ. ಅವಳು ಎರಡು ಕೈಯನ್ನೂ ಬೊಗಸೆ ಮಾಡಿ ಬಾಯಿಯ ಹತ್ತಿರ ಹಿಡಿಯುವ ಮುನ್ನ ಕಲ್ಲನ್ನು ಮೂರು ಸಲ ತಟ್ಟಿದಳು.

ತೂತಿನಿಂದ ಗಂಡನ ದನಿ ಬಂತು. "ಯಾರದು ತಟ್ಟಾದು?"

"ಯಾರಾದ್ರೆ ಏನು? ಇಲ್ಲಿ ಮಂಡಿ ಹಾಕಿದೋರನ್ನ ಈ ಮನೆಯೋರು ಯಾವತ್ತು ಯಾರು ಅಂತ ಕೇಳಿದ್ದಾರೆ? ಹುಯ್ಯಿರಿ. ನಂಗೆ ದಾಹ."

ಪೂಸಾರಿಯ ಗಂಟೆ ಒಮ್ಮೆ ತಾನಾಗಿ ಕಿಣಿ ಎಂದಿತು. ಹಾಲು ಬರಲಿಲ್ಲ. ಬರಿಗಾಲಿನ ಓಟದ ಸದ್ದು ಮನೆಯನ್ನು ಬಳಸಿಕೊಂಡು ಹಿಂಬೀದಿಗೆ ಬಂತು. ಲಕ್ಷ್ಮಣನ ಕೈಯಲ್ಲಿ ಹಾಲಿನ ಕೊಡ ಹಾಗೇ ಇತ್ತು, ಅಂಗಿಯ ಮೇಲೆಲ್ಲ ಚೆಲ್ಲಿತ್ತು.

"ಏಳು ಮ್ಯಾಕೆ! ಎಲ್ಲರೆದುರಿಗೆ ಮಾನ ತೆಗೀತೀಯಾ?"

"ಏಳ್ತೀನಿ. ನೀವು ಇಲ್ಲಿ ಮಂಡಿ ಹಾಕಿ ಒಂದು ಗುಟುಕು ಕುಡೀರಿ. ಆಮ್ಯಾಕೆ ಗಂಟೆ ಹೊಡೆಸಿ. ಕಲ್ಲಿಗೆ ಗೊತ್ತಿಲ್ಲ ಅಂದ್ರಿ. ಕಲ್ಲಿಗೆ ಗೊತ್ತಿದೆ, ನೋಡಿ, ಎಷ್ಟು ಆಳ ಗೊತ್ತಿದೆ." ಅವಳು ಕತ್ತು ಹೊರಳಿಸಿ ಮೇಲೆ ನೋಡಿದಳು. "ದೊಡ್ಡಪ್ಪಾ, ನೀವೂ ಬನ್ನಿ. ಕುಲದ ಗುಡಿ ಅಲ್ಲವಾ? ಪೆರಿಯೋರೆಲ್ಲ ವರಸೆಯಾಗಿ ಬನ್ನಿ."

ಯಾರೂ ಅಲುಗಲಿಲ್ಲ. ದುರೈ ಕೈಯಲ್ಲಿದ್ದ ತೆಂಗಿನಕಾಯಿಯನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಬದಲಿಸಿದರು. ಅವರ ಮುಖದಲ್ಲಿ ಬೆರಗಿರಲಿಲ್ಲ.

"ನಿಮಗೂ ಗೊತ್ತಿತ್ತಾ ದೊಡ್ಡಪ್ಪಾ?"

"ನಮ್ಮನೇಲೂ ಇತ್ತಮ್ಮಾ," ಎಂದರು ದುರೈ ಮೆಲ್ಲಗೆ. "ನಮ್ಮಪ್ಪ ಕೀಳಿಸಿ ಬಾವಿಕಟ್ಟೆಗೆ ಹಾಕ್ಸಿದ್ರು. ಯಾರ ಮನೇಲಿ ಇರಲಿಲ್ಲ?"

"ಗೊತ್ತಿದ್ದೂ ಕಾಯಿ ಹಿಡ್ಕೊಂಡು ಬಂದ್ರಾ? ಇಷ್ಟು ಜನ, ಇಷ್ಟು ದೂರ, ಬಸ್ಸು ಹತ್ತಿ?"

ದುರೈ ಶಾಮಿಯಾನದಿಂದ ಹೊರಗೆ ನಡೆದರು. ಹೋಗಿ ಚಪ್ಪಲಿ ಮೆಟ್ಟಿದರು. ಒಬ್ಬರ ಹಿಂದೆ ಒಬ್ಬರು ಹೋದರು. ಒಡೆಯದ ಕಾಯಿಗಳನ್ನು ಬಿಟ್ಟು ಹೋಗಲೂ ಆಗದೆ, ತೆಗೆದುಕೊಂಡು ಹೋಗಲೂ ಆಗದೆ, ಕೆಲವರು ಅವನ್ನು ಮೇಲುವಸ್ತ್ರದಡಿ ಇಟ್ಟುಕೊಂಡರು. ಲಕ್ಷ್ಮಣನ್ ಖಾಲಿಯಾಗುತ್ತಿದ್ದ ಬೀದಿಯನ್ನು ನೋಡುತ್ತ ನಿಂತಿದ್ದು, ಕೊಡ ಹಿಡಿದೇ ಒಳಗೆ ಹೋದ. ಮುಂಬಾಗಿಲು ದಢಾರನೆ ಮುಚ್ಚಿದ ಸದ್ದು ಗೋಡೆಯ ತೂತಿನಲ್ಲೂ ಕೇಳಿತು.

ಗೋಮತಿ ಎದ್ದಳು. ರೇಷ್ಮೆಯ ಮೇಲೆ ಎರಡು ದುಂಡನೆಯ ಕೊಳೆ. ಮರಳಿನ ಗುಡ್ಡೆಯ ಕಡೆ ತಿರುಗಿದಳು. ವಳ್ಳಿಯ ಮುಖ ಸಡಿಲಾಗಿರಲಿಲ್ಲ.

"ಪಟ್ಟು ಸೀರೆ ಉಟ್ಟು ಒಂದ್ಸಲ ಮಂಡಿ ಹಾಕ್ಬಿಟ್ರೆ ಮುಗೀತಾ?"

"ಇಲ್ಲ," ಎಂದಳು ಗೋಮತಿ. "ಏನು ಮಾಡಲಿ? ಕೀಳಿಸಲಾ? ಮುಚ್ಚಿಸಲಾ?"

"ಮುಚ್ಚಾದು ಯಾಕೆ? ಒಂ‌ದ್ಸಲ ಮುಚ್ಚಿದ್ದಕ್ಕೇ ತಾನೇ ಅದು ಸಾಮಿ ಆಗಿ ಎದ್ದು ಬಂತು." ವಳ್ಳಿ ಎಲೆಗೆ ಸುಣ್ಣ ಹಚ್ಚಿದಳು. "ಇದ್ದಂಗೆ ಇರಲಿ. ಬರೋರು ಹೋಗೋರು ನೋಡಲಿ. ಅರಿಶಿನ ಮಾತ್ರ ತೆಗಿ. ಅವತ್ತೇ ಹೇಳಿದೆ."

ಕರುಪ್ಪಯ್ಯ ತಂತಿಬ್ರಷ್ ಹುಡುಕಲು ಬಗ್ಗಿದ.

"ನೀ ಸುಮ್ನಿರುಡಾ. ಬಳಿದೋರು ತೊಳೀಲಿ."

ಗೋಮತಿ ಸೆರಗು ಬಿಗಿದು, ತೆಂಗಿನನಾರು, ಹುಣಸೆಹುಳಿ, ಬಕೆಟ್ಟು ನೀರು ತಂದಳು. ಹನ್ನೆರಡು ದಿನದ ಅರಿಶಿನ ಕಲ್ಲಿನ ಸಣ್ಣ ತೂತುಗಳಿಗೆಲ್ಲ ಇಳಿದಿತ್ತು. ಕುಂಕುಮ ಬೇಗ ಬಿಟ್ಟಿತು, ಹಳದಿ ಬಿಡಲಿಲ್ಲ. ಉಜ್ಜಿದಳು, ನೀರು ಹಾಕಿದಳು, ಮತ್ತೆ ಉಜ್ಜಿದಳು. ಶಾಮಿಯಾನದವರು ಬಂದು ಗೂಟ ಕಿತ್ತರು. ಬಿಸಿಲು ನೇರ ಬೆನ್ನಿಗೆ ಬಿತ್ತು. ಬೆರಳ ಗೆಣ್ಣು ಸುಲಿದು ಹುಣಸೆಹುಳಿ ಉರಿಯತೊಡಗಿತು.

"ಆ ಮೂತಿ ಕೆಳಗೆ ಇನ್ನೂ ಇದೆ," ಎಂದಳು ವಳ್ಳಿ, ಕೂತಲ್ಲಿಂದಲೇ.

ಗೋಮತಿ ಬಗ್ಗಿ ನೋಡಿದಳು. ಇತ್ತು. ನಾರನ್ನು ಮತ್ತೆ ನೆನೆಸಿ ಉಜ್ಜಿ, ಬಕೆಟ್ಟಿನಲ್ಲಿ ಉಳಿದ ನೀರನ್ನೆಲ್ಲ ಒಂದೇ ಸಲ ಹೊಯ್ದಳು. ಹಳದಿ ನೀರು ಚಪ್ಪಡಿಯಿಂದ ಇಳಿದು ಬೀದಿಯ ಧೂಳಿನಲ್ಲಿ ದಾರಿ ಮಾಡಿಕೊಂಡು ಮರಳಿನ ಗುಡ್ಡೆಯ ಬುಡಕ್ಕೆ ಬಂತು. ವಳ್ಳಿ ಎಲೆಯಡಿಕೆ ಅಗಿಯುತ್ತಲೇ ಎರಡೂ ಕಾಲನ್ನು ಮೇಲೆತ್ತಿಕೊಂಡಳು.